ಕಣ್ಣಿಗೆ ಬಿದ್ದ ಖಾರ

ಮೇ ತಿಂಗಳ ನಾಗಪುರದಲ್ಲಿ ಮಧ್ಯಾಹ್ನದ ಹೊತ್ತು ನಲ್ಲಿ ತಿರುಗಿಸಿದರೆ ಚಹಾದ ಎಸರಿನಂಥ ನೀರು ಬರುತ್ತದೆ. ಮಾಳಿಗೆಯ ಮೇಲಿನ ಟಾಕಿ ಬೆಳಗಿನಿಂದ ಕಾದು, ಪೈಪು ಕಾದು, ಕೊನೆಗೆ ನಲ್ಲಿಯನ್ನು ಮುಟ್ಟಲೂ ಆಗುವುದಿಲ್ಲ. ಆ ದಿನ ನಮ್ಮ ಲ್ಯಾಬಿನಲ್ಲಿ ಆದದ್ದಕ್ಕೆ ಅರ್ಧ ಕಾರಣ ಈ ನೀರು. ಇನ್ನರ್ಧ ಕಾರಣ ನನ್ನ ಕನ್ನಡ.

ಎಂಬತ್ತರ ದಶಕದ ನಡುವಿನ ಮಾತು. ನಾಗಪುರದ ಅಂಚಿನ ಹಿಂಗಣಾದಲ್ಲಿ ಒಂದು ಸಾಬೂನಿನ ಕಾರ್ಖಾನೆ, ಅದರ ಹಿಂಭಾಗದಲ್ಲಿ ಎರಡು ಕೋಣೆಯ ಪ್ರಯೋಗಾಲಯ. ಎಣ್ಣೆ, ಸೋಡಾ, ಸುಗಂಧ ಎಲ್ಲವೂ ನಮ್ಮಲ್ಲಿ ಪರೀಕ್ಷೆಯಾದ ಮೇಲೆಯೇ ಸಾಬೂನು ಕುದಿಸುವ ಕಡಾಯಿಗೆ ಹೋಗಬೇಕು. ಅಲ್ಲಿ ನಾವು ಮೂವರು. ಮೇಡಂ ಮುಖ್ಯಸ್ಥೆ, ನಾಗಪುರದವರೇ, ಗಿಡ್ಡ ಮೈಕಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಅದರ ಮೇಲೆ ಬಿಳಿ ಕೋಟು ಹಾಕುತ್ತಿದ್ದರು. ಎರಡನೆಯವರು ಹಿರಿಯ ವಿಶ್ಲೇಷಕರು. ಅವರಿಗೆ ಹೆಸರು ಬೇರೆ ಇತ್ತು, ಆದರೆ ಆ ಕಡೆ ಅಣ್ಣನ ಸಮಾನರಾದವರನ್ನು ಭಾವೂ ಎನ್ನುವ ರೂಢಿ, ಹಾಗಾಗಿ ಇಡೀ ಕಾರ್ಖಾನೆಗೆ ಅವರು ಭಾವೂ. ಮೂರನೆಯವಳು ನಾನು. ಬಾಗಲಕೋಟೆ ಕಡೆಯವಳು, ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದವಳು.

ಭಾವೂರ ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬು ಬಂದು ಹೋಗಿತ್ತು. ಬೆಳಕು ಕತ್ತಲೆ ಬಿಟ್ಟರೆ ಅದಕ್ಕೇನೂ ತಿಳಿಯುತ್ತಿರಲಿಲ್ಲ. ಇದ್ದದ್ದು ಬಲಗಣ್ಣು ಒಂದೇ. ಆ ಒಂದು ಕಣ್ಣಿನಿಂದಲೇ ಬ್ಯುರೆಟ್ಟಿನ ಗೆರೆ ಓದುತ್ತಿದ್ದರು, ಕಾಣದಷ್ಟು ತೆಳುವಾದ ಗುಲಾಬಿ ಬಣ್ಣವನ್ನೂ ನನಗಿಂತ ಮೊದಲು ಹಿಡಿಯುತ್ತಿದ್ದರು. ಎರಡು ಕಣ್ಣಿದ್ದೂ ನಾನು ಒಂದು ಹನಿ ಹೆಚ್ಚು ಬಿಟ್ಟು ಬೈಸಿಕೊಳ್ಳುತ್ತಿದ್ದೆ.

ಇನ್ನೊಬ್ಬರನ್ನು ಇಲ್ಲೇ ಪರಿಚಯಿಸಬೇಕು. ಗೇಟಿನ ಪಕ್ಕದ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಕೂರುತ್ತಿದ್ದ ಕಂಪೌಂಡರ್. ಬಿಜಾಪುರ ಕಡೆಯವರು, ಸೈನ್ಯದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಾಗಪುರದ ಹತ್ತಿರದ ಕಾಮಠಿಯಲ್ಲಿ ನಿವೃತ್ತರಾಗಿ ಅಲ್ಲೇ ಮನೆ ಮಾಡಿಕೊಂಡವರು. ಅಪಘಾತವಾದರೆ ಕಾರ್ಖಾನೆಯ ಜೀಪನ್ನು ತಡೆದು ನಿಲ್ಲಿಸುವ ಅಧಿಕಾರ ಅವರಿಗಿತ್ತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರಿಗೆ ನಾನು ಯವ್ವಾ. ದಿನವೆಲ್ಲ ಮರಾಠಿ, ಹಿಂದಿಯಲ್ಲಿ ಬಾಯಿ ಸವೆಸುತ್ತಿದ್ದ ನಮಗಿಬ್ಬರಿಗೂ ಒಳಗಿನ ಫೋನಿನಲ್ಲಿ ಕನ್ನಡ ಆಡುವುದೇ ಒಂದು ಸುಖ.

ಆ ದಿನ ಬೆಳಗಿನಿಂದ ಕರೆಂಟು ಇರಲಿಲ್ಲ. ಫ್ರಿಜ್ಜಿನ ಬರ್ಫವೆಲ್ಲ ಕರಗಿತ್ತು. ಕಾಸ್ಟಿಕ್ ಸೋಡಾದ ಗಟ್ಟಿ ದ್ರಾವಣ ಮಾಡುವಾಗ ಪಾತ್ರೆಯನ್ನು ಬರ್ಫದಲ್ಲಿಟ್ಟು, ತಣ್ಣೀರಿಗೆ ಸೋಡಾದ ಬಿಲ್ಲೆಗಳನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕಬೇಕು. ಕರಗುವಾಗ ಅದು ತಾನೇ ಕುದಿಯುವಷ್ಟು ಬಿಸಿಯಾಗುತ್ತದೆ. ಕಡಾಯಿಯವರು ಬೇರೆ ಮೇಲಿಂದ ಮೇಲೆ ಕೇಳುತ್ತಿದ್ದರು. ಭಾವೂ ನಲ್ಲಿಯ ನೀರನ್ನು ಒಂದಿಷ್ಟು ಆರಲು ಬಿಟ್ಟು ಕೆಲಸ ಶುರು ಮಾಡಿದರು. ಬೆವರಿಗೆ ಕಣ್ಣು ಕಾಯುವ ಕನ್ನಡಕ ಮಂಜಾಗುತ್ತಿತ್ತು. ಉಷ್ಣಮಾಪಕ ಓದಲು ಅದನ್ನು ಒಂದು ಗಳಿಗೆ ಹಣೆಗೆ ಏರಿಸಿದರು. ಅದೇ ಗಳಿಗೆಗೆ ಪಾತ್ರೆ ಉಕ್ಕಿ ಸಿಡಿಯಿತು.

ಅವರು ಕೂಗಲಿಲ್ಲ. "ಡೋಳ್ಯಾತ್ ಖಾರ್ ಗೇಲಾ," ಅಂದರು, ಮೆಲ್ಲಗೆ. ಕಣ್ಣಿಗೆ ಖಾರ್ ಹೋಯಿತು ಎಂದು. ನಮ್ಮ ಲ್ಯಾಬಿನಲ್ಲಿ ಕಾಸ್ಟಿಕ್ ಸೋಡಾಕ್ಕೆ ಪೂರ್ತಿ ಹೆಸರು ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ; ಕ್ಷಾರ ಅನ್ನುವುದು ಆಡುಮಾತಿನಲ್ಲಿ ಖಾರ್ ಆಗಿತ್ತು. ನನ್ನ ಬಾಯಿಗೂ ಅದೇ ಹತ್ತಿತ್ತು.

ಮೇಡಂ ಆಗಲೇ ಮೇಜು ದಾಟಿ ಬಂದಿದ್ದರು. ಕೈಗೆ ಸಿಕ್ಕ ತೊಳೆಯುವ ನೀರಿನ ಬಾಟಲಿಯನ್ನು ಕಣ್ಣಿಗೆ ಹಿಂಡುತ್ತಾ, ಭಾವೂರ ಕೊರಳಪಟ್ಟಿ ಹಿಡಿದು ಸಿಂಕಿನ ಕಡೆಗೆ ಎಳೆಯುತ್ತಾ, ಒಂದೇ ಉಸಿರಿನಲ್ಲಿ ನನಗೆ ಹೇಳಿದರು. ಅವರು ಆಡಿದ್ದು ಮರಾಠಿ. ನಮ್ಮ ಕಡೆಯ ಕನ್ನಡದಲ್ಲಿ ಬರೆದರೇ ಅದರ ಖದರು ಬರುತ್ತದೆ.

"ಕಂಪೌಂಡರ್‌ಗೆ ಫೋನ್ ಮಾಡು. ಜೀಪ್ ತರಾಕ ಹೇಳು. ಆಮ್ಯಾಲ ತಕ್ಕಡಿ ಕೋಣಿಯಾಗಿನ ಡಿಸ್ಟಿಲ್ಡ್ ವಾಟರ್ ತಾ. ನಲ್ಲಿ ನೀರು ಸುಡತೈತಿ."

ಫೋನು ಎತ್ತಿದೆ. "ಕಾಕಾ, ಭಾವೂರ ಕಣ್ಣಾಗ ಖಾರ ಬಿದ್ದೈತಿ. ಲಗೂನ ಬರ್ರಿ, ಜೀಪ್ ತರ್ರಿ."

ಕಾಕಾ ಊಟದ ನಡುವೆ ಇದ್ದರು, ಬಾಯಲ್ಲಿ ತುತ್ತಿತ್ತು. "ಆತ ಆತ. ಗದ್ದಲ ಮಾಡಬ್ಯಾಡ. ಮೊದಲ ನೀರು ಹೊಡೀರಿ, ಕಣ್ಣು ತಿಕ್ಕಾಕ ಬಿಡಬ್ಯಾಡ್ರಿ. ಬರ್ತೀನಿ." ಹೇಳಿದ ಉಪಾಯ ಸರಿಯಾಗಿಯೇ ಇತ್ತು. ನಾನು ಫೋನಿಟ್ಟು ಓಡಿದೆ.

ತಕ್ಕಡಿ ಕೋಣೆಗೆ ಬಿಸಿಲು ಬೀಳುತ್ತಿರಲಿಲ್ಲ. ಅಲ್ಲಿ ಡಿಸ್ಟಿಲ್ಡ್ ವಾಟರ್ ತುಂಬಿದ ದೊಡ್ಡ ಪ್ಲಾಸ್ಟಿಕ್ ಜಾಡಿಗಳ ಸಾಲು ಇತ್ತು. ಒಂದನ್ನು ತಬ್ಬಿಕೊಂಡು ತಂದು ಮೇಜಿನ ಮೇಲಿನ ಕಪಾಟಿಗೆ ಏರಿಸಿದೆ. ಎಲ್ಲಿಂದ ಬಂತೋ ಆ ಶಕ್ತಿ. ರಬ್ಬರಿನ ಕೊಳವೆ ಇಳಿಬಿಟ್ಟು, ಬಾಯಿಂದ ಒಮ್ಮೆ ಎಳೆದು ನೀರು ಹರಿಸಿ, ಕ್ಲಿಪ್ಪಿನಿಂದ ಧಾರೆ ಸಣ್ಣ ಮಾಡಿ ಮೇಡಂ ಕೈಗೆ ಕೊಟ್ಟೆ.

ಮೇಡಂ ಭಾವೂರನ್ನು ಮೇಜಿನ ಮೇಲೆ ಮಲಗಿಸಿ ತಲೆಯನ್ನು ಬಲಕ್ಕೆ ವಾಲಿಸಿದ್ದರು, ತೊಳೆದ ನೀರು ಎಡಗಣ್ಣಿಗೆ ಹರಿಯಬಾರದೆಂದು. ಧಾರೆ ಮೂಗಿನ ಪಕ್ಕದಿಂದ ಕಣ್ಣಿನೊಳಕ್ಕೆ ಬಂದು ಕಿವಿಯ ಕಡೆಗೆ ಇಳಿದು ಬಕೆಟ್ಟಿಗೆ ಬೀಳಬೇಕು. ಕಷ್ಟವಿದ್ದದ್ದು ನೀರಿನದಲ್ಲ, ರೆಪ್ಪೆಯದು. ಉರಿಗೆ ಕಣ್ಣು ತಾನೇ ಬಿಗಿದು ಮುಚ್ಚಿಕೊಳ್ಳುತ್ತಿತ್ತು. ಒದ್ದೆ ಬೆರಳು ಜಾರುತ್ತಿತ್ತು. ಮೇಡಂ ಬೆರಳಿಗೆ ಒಣ ಬ್ಯಾಂಡೇಜ್ ಬಟ್ಟೆ ಸುತ್ತಿಕೊಂಡು ಮೇಲಿನ ರೆಪ್ಪೆಯನ್ನು ಹುಬ್ಬಿನ ಎಲುಬಿಗೆ ಒತ್ತಿ ಹಿಡಿದರು. ಆ ಕಣ್ಣು ಈಗಲೂ ನನ್ನ ಕಣ್ಣ ಮುಂದೆ ಬರುತ್ತದೆ, ಬೇಡವೆಂದರೂ.

"ಮ್ಯಾಲ ನೋಡ್ರಿ ಭಾವೂ. ಕೆಳಗ ನೋಡ್ರಿ. ಬಾಗಲದ ಕಡೆ. ಈಗ ಕಿಡಕಿ ಕಡೆ."

"ಆಗೂದಿಲ್ಲ ಮೇಡಂ, ಬಿಡ್ರಿ."

"ಬಿಡೂದಿಲ್ಲ. ನಿಮ್ಮ ಸಾವಜಿ ಮಟನ್‌ಗೆ ಮಸಾಲಿ ಏನೇನು ಹಾಕ್ತೀರಿ, ಅದನ್ನ ಹೇಳ್ರಿ."

ಸಾವಜಿ ಎಂದರೆ ನಾಗಪುರದ, ಮಸಾಲೆ ಜೋರಾದ ಮಾಂಸದಡುಗೆ; ಮೇಡಂ ಜನ್ಮದಲ್ಲಿ ಮಾಂಸ ಮುಟ್ಟಿದವರಲ್ಲ. ಭಾವೂಗೆ ತಮ್ಮ ಅಡುಗೆಯ ಮೇಲೆ ವಿಪರೀತ ಅಭಿಮಾನ. ಹಲ್ಲು ಕಚ್ಚಿಕೊಂಡೇ ಶುರು ಮಾಡಿದರು: ಗಸಗಸೆ, ಕೊತ್ತಂಬರಿ ಬೀಜ, ಲವಂಗ, ಕಲ್ಲುಹೂವು. "ಕಲ್ಲುಹೂವಾ? ಅದನ್ನ ಯಾರು ಹಾಕ್ತಾರ? ಎಲ್ಲಾ ಕಹಿ ಆಗತೈತಿ," ಎಂದರು ಮೇಡಂ. ಭಾವೂಗೆ ಸಿಟ್ಟು ಬಂತು. ಸಿಟ್ಟಿಗೆ ಕಣ್ಣು ಅರಳಿಸಿ ನೋಡಿದರು, ಆ ಸಂದಿನಲ್ಲಿ ನೀರು ಪೂರ್ತಿ ಒಳಗೆ ಹೋಯಿತು. ಮೇಡಂ ಮತ್ತೆ ಕೆಣಕಿದರು, ಅವರು ಮತ್ತೆ ಅರಳಿಸಿದರು. ಹೀಗೆ ಒಬ್ಬ ಮನುಷ್ಯನ ಜೊತೆ ಜಗಳವಾಡಿಯೇ ಅವನ ಕಣ್ಣು ತೆರೆಸಬಹುದೆಂದು ಯಾವ ಕಾಲೇಜಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಗೋಡೆಯ ಮೇಲೆ ಪ್ರಥಮ ಚಿಕಿತ್ಸೆಯ ಹಳೆಯ ಪಟವೊಂದಿತ್ತು. ಕಣ್ಣಿಗೆ ಕ್ಷಾರ ಬಿದ್ದರೆ ನೀರಿನಿಂದ ತೊಳೆದು ನಂತರ ಬೋರಿಕ್ ಆಸಿಡ್ ದ್ರಾವಣ ಹಾಕಿ ಎಂದು ಅದರಲ್ಲಿ ಬರೆದಿತ್ತು. ನಾನು ಬಾಟಲಿ ತಂದು ಚಾಚಿದೆ. ಮೇಡಂ ಅದರ ಕಡೆ ನೋಡಲೂ ಇಲ್ಲ.

"ಕೆಳಗಿಡು. ಆಸಿಡ್ಡು ಖಾರ್ ಕೂಡಿದ್ರ ಬಿಸಿ ಆಗತೈತಿ. ಆ ಬಿಸಿ ಕಣ್ಣಾಗ ಬ್ಯಾಡ. ಬರೇ ನೀರು. ಇನ್ನೊಂದು ಜಾಡಿ ತಾ."

"ಪಟದಾಗ ಬರದಾರ ಮೇಡಂ."

"ಬರದವರನ್ನ ಕರಿ, ಅವರ ಕಣ್ಣಾಗ ಹಾಕೂಣ."

ಒಂದು ಜಾಡಿ ಮುಗಿದ ಮೇಲೆ ಅವರು ಧಾರೆ ನಿಲ್ಲಿಸಿ, ಕೆಳರೆಪ್ಪೆಯನ್ನು ಎಳೆದು, ಅದರೊಳಗಿನ ತೇವಕ್ಕೆ ಕೆಂಪು ಲಿಟ್ಮಸ್ ಕಾಗದದ ತುದಿ ಮುಟ್ಟಿಸಿದರು. ಎಣ್ಣೆ ಸೋಡಾ ಪರೀಕ್ಷಿಸುವ ಕಾಗದವನ್ನು ಮನುಷ್ಯನ ಕಣ್ಣಿಗೆ ಮುಟ್ಟಿಸಿದ್ದು ನಾನು ನೋಡಿದ್ದು ಅದೇ ಮೊದಲು. ಕಾಗದ ನೀಲಿಯಾಯಿತು. ಕ್ಷಾರ ಇನ್ನೂ ಒಳಗಿತ್ತು. ಮತ್ತೆ ತೊಳೆದರು, ಮತ್ತೆ ಮುಟ್ಟಿಸಿದರು. ಮತ್ತೆ ನೀಲಿ. ಕಾಸ್ಟಿಕ್ ಕಣ್ಣಿನೊಳಗೆ ಇದ್ದಷ್ಟು ಹೊತ್ತೂ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ, ಅದು ನಮಗೆಲ್ಲ ಗೊತ್ತಿತ್ತು, ಭಾವೂಗೂ ಗೊತ್ತಿತ್ತು. ಅವರು ಮಸಾಲೆಯ ಮಾತು ಬಿಟ್ಟುಬಿಟ್ಟರು.

"ಮೇಡಂ, ಇದು ಹೋದ್ರ ನನಗ ಇನ್ನೊಂದಿಲ್ಲ," ಅಂದರು.

"ಗೊತ್ತೈತಿ," ಅಂದರು ಮೇಡಂ. "ಮ್ಯಾಲ ನೋಡ್ರಿ."

ಅಷ್ಟರಲ್ಲಿ ಮ್ಯಾನೇಜರ್ ಸಾಹೇಬರು ಬಂದರು. ನೆಲವೆಲ್ಲ ನೀರು, ಮೇಜಿನ ಮೇಲೆ ಮನುಷ್ಯ, ನೋಡಿ ಗಾಬರಿಯಾದರು. ಜೀಪು ಎಲ್ಲಿ ಎಂದು ನಾನು ಕೇಳಿದರೆ, ಅದು ಈಗಷ್ಟೇ ಕಾರ್ಖಾನೆಯ ಅತಿಥಿಗಳನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಯಿತಲ್ಲ ಎಂದರು. ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಾವೇ ಆಸ್ಪತ್ರೆಗೆ ಬಿಡುತ್ತೇನೆ, ಈಗಿಂದೀಗ ಎಬ್ಬಿಸಿ ಎಂದರು. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಲ್ಲಿದ್ದ ಯಾರಿಗಾದರೂ ಅದೇ ಸರಿ ಅನಿಸುತ್ತಿತ್ತು. ನನಗೂ ಅನಿಸಿತು.

"ಸ್ಕೂಟರ್ ಮ್ಯಾಲ ತೊಳಿಯಾಕ ಬರೂದಿಲ್ಲ. ಲಿಟ್ಮಸ್ ಕೆಂಪು ಉಳಿಯೂ ಮಟಾ ಇವರು ಇಲ್ಲಿಂದ ಏಳೂದಿಲ್ಲ," ಎಂದರು ಮೇಡಂ.

"ಕಣ್ಣು ಹೋದರೆ ಜವಾಬ್ದಾರಿ ನಿಮ್ಮದು," ಎಂದರು ಸಾಹೇಬರು.

"ಹೌದು, ನಂದ."

ಮೇಡಂ ತಲೆ ಎತ್ತಲಿಲ್ಲ, ಧ್ವನಿ ಏರಿಸಲಿಲ್ಲ. ಬಗ್ಗಿ ಬಗ್ಗಿ ಅವರ ಸೊಂಟ ನಡುಗುತ್ತಿತ್ತು, ಸೆರಗಿನಿಂದ ನೀರು ಸೋರುತ್ತಿತ್ತು. ಒಂದು ಮಾತು ಹೇಳಿ ಕೈ ತೊಳೆದುಕೊಳ್ಳುವ ಅವಕಾಶ ಬಾಗಿಲಲ್ಲೇ ನಿಂತಿರುವಾಗ ಹೀಗೆ ಹೇಳಲು ಎಂಥ ಎದೆ ಬೇಕು. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಬಂದ ಗೌರವ ಇಂದಿಗೂ ಹಾಗೇ ಇದೆ.

ನನ್ನ ಸಿಟ್ಟೆಲ್ಲ ಕಾಕಾನ ಮೇಲೆ ತಿರುಗಿತು. ಫೋನು ಎತ್ತಿ ಬಾಯಿಗೆ ಬಂದಂತೆ ಬೈದೆ. "ಜೀಪ್ ಯಾಕ ಬಿಟ್ರಿ ಕಾಕಾ? ಕಣ್ಣಾಗ ಖಾರ ಬಿದ್ದೈತಿ ಅಂತ ಹೇಳಿದ್ನಿಲ್ಲೋ? ಊಟ ಮುಖ್ಯ ಆತೇನು ನಿಮಗ?"

ಕಾಕಾಗೂ ರೇಗಿತು. "ಖಾರಕ್ಕೆಲ್ಲಾ ಜೀಪ್ ನಿಲ್ಲಿಸ್ತಾರೇನವಾ? ಹಸಿ ಮೆಣಸಿನಕಾಯಿ ಠೇಚಾ ಏನ ಅದು? ಅದರ ಉರಿ ಸ್ವಲ್ಪ ಜಾಸ್ತಿ ಹೊತ್ತು ಇರತೈತಿ, ತಾನ ಆರತೈತಿ."

ಆಗ ನನಗೆ ಹೊಳೆಯಿತು. ಮರಾಠಿಯವರ ಖಾರ್‌ಗೆ ನಾನು ಕನ್ನಡದ ಅಂಗಿ ತೊಡಿಸಿ ಕೊಟ್ಟಿದ್ದೆ. ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದ್ದರೆ ಕಾಕಾ ಊಟದ ತಾಟು ಬಿಟ್ಟು ಓಡಿಬರುತ್ತಿದ್ದರು. ಕನ್ನಡದಲ್ಲಿ ಹೇಳಿದ್ದಕ್ಕೆ, ಊಟದ ಹೊತ್ತಿನಲ್ಲಿ ಹೇಳಿದ್ದಕ್ಕೆ, ಭಾವೂ ಠೇಚಾ ಎಂಬ ಮೆಣಸಿನಕಾಯಿ ಚಟ್ನಿ ಮುಟ್ಟಿದ ಕೈಯಿಂದ ಕಣ್ಣು ತಿಕ್ಕಿಕೊಂಡಿದ್ದಾರೆಂದು ಅವರು ನಿಶ್ಚಿಂತೆಯಿಂದ ಕೂತಿದ್ದರು.

"ಮೆಣಸಿನಕಾಯಿ ಅಲ್ಲ ಕಾಕಾ. ಕಾಸ್ಟಿಕ್. ಹಪ್ಪಳಕ್ಕ ಪಾಪಡಖಾರ ಹಾಕ್ತಾರಲ್ಲ, ಆ ಜಾತಿ ಖಾರ್. ಅದರ ಅಪ್ಪ."

"ಯಾವ ಕಣ್ಣು ಯವ್ವಾ?"

"ಬಲಗಣ್ಣು."

ಫೋನು ಇಡುವ ಸದ್ದೂ ಬರಲಿಲ್ಲ. ಅದು ಅಲ್ಲೇ ನೇತಾಡುತ್ತಿದ್ದಿರಬೇಕು. ಆ ವಯಸ್ಸಿನಲ್ಲಿ ಆ ಬಿಸಿಲಿನಲ್ಲಿ ಕಾಕಾ ಗೇಟಿನಿಂದ ಹಿಂಭಾಗದವರೆಗೆ ಓಡಿದ್ದನ್ನು ಕಡಾಯಿಯ ಕೆಲಸಗಾರರು ಎಷ್ಟೋ ದಿನ ಹೇಳುತ್ತಿದ್ದರು.

ಬಂದವರೇ ಏನನ್ನೂ ವಿವರಿಸಲು ಹೋಗಲಿಲ್ಲ. ಲಿಟ್ಮಸ್ ಇನ್ನೂ ನೀಲಿಯಾಗುತ್ತಿದೆ ಎಂದು ಮೇಡಂ ಹೇಳಿದರು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ಮ್ಯಾಲಿನ ರೆಪ್ಪಿ ಒಳಗ ಏನಾರ ಕುಂತಿರಬೇಕು," ಎಂದರು ಮೇಡಂ. "ನನಗೂ ಹಂಗ ಅನಸ್ತೈತಿ. ನೀವು ನೀರು ಹಿಡೀರಿ, ನಾ ಮಗುಚ್ತೀನಿ," ಎಂದರು ಕಾಕಾ. ಭಾವೂಗೆ ಕೆಳಗೆ ನೋಡಲು ಹೇಳಿ, ರೆಪ್ಪೆಗೂದಲು ಹಿಡಿದು, ಹತ್ತಿ ಸುತ್ತಿದ ಬೆಂಕಿಕಡ್ಡಿಯನ್ನು ಮೇಲಿಟ್ಟು, ರೆಪ್ಪೆಯನ್ನು ಒಳಮಗ್ಗುಲು ಹೊರಗಾಗುವಂತೆ ತಿರುವಿದರು. ಓಡಿಬಂದ ಉಸಿರು ಇನ್ನೂ ಏರಿಳಿಯುತ್ತಿತ್ತು, ಬೆರಳು ಮಾತ್ರ ಅಲುಗಲಿಲ್ಲ. ರೆಪ್ಪೆಯ ಒಳಗೆ, ಮೇಲಿನ ಮೂಲೆಯಲ್ಲಿ, ಅರ್ಧ ಕರಗಿದ ಸೋಡಾ ಬಿಲ್ಲೆಯ ಬಿಳಿ ಚೂರೊಂದು ಅಂಟಿಕೊಂಡಿತ್ತು. ಅಕ್ಕಿನುಚ್ಚಿನಷ್ಟು ಕೂಡ ಇರಲಿಲ್ಲ. ಒದ್ದೆ ಹತ್ತಿಯಿಂದ ಅದನ್ನು ಎತ್ತಿದರು, ಮೇಡಂ ಆ ಜಾಗಕ್ಕೆ ಧಾರೆ ಹಿಡಿದರು.

ಇನ್ನೊಂದು ಜಾಡಿ ಖಾಲಿಯಾಯಿತು. ಮೇಡಂ ಕಾಗದ ಮುಟ್ಟಿಸಿದರು. ನಾವೆಲ್ಲ ಬಗ್ಗಿ ನೋಡಿದೆವು, ಮ್ಯಾನೇಜರ್ ಸಾಹೇಬರೂ ನೋಡಿದರು. ಕಾಗದ ಕೆಂಪಾಗಿಯೇ ಇತ್ತು. ಸ್ವಲ್ಪ ಹೊತ್ತು ಕಾದು ಮತ್ತೊಮ್ಮೆ ಮುಟ್ಟಿಸಿದರು, ಆಗಲೂ ಕೆಂಪು.

"ಈಗ ಹೋಗೂಣ," ಎಂದರು ಮೇಡಂ.

ಗೇಟಿನಲ್ಲಿ ಸಾಬೂನು ತುಂಬಿದ ಮ್ಯಾಟಡಾರ್ ವ್ಯಾನು ಹೊರಡಲು ನಿಂತಿತ್ತು. ಸಾಹೇಬರು ತಾವೇ ಓಡಿಹೋಗಿ ಅದನ್ನು ತಡೆದರು, ಅರ್ಧದಷ್ಟು ಪೆಟ್ಟಿಗೆಗಳನ್ನು ಇಳಿಸಿದರು. ಉಳಿದ ಪೆಟ್ಟಿಗೆಗಳ ಮೇಲೆ ಜಾಡಿ ಇಟ್ಟು ಕಾಕಾ ಅದನ್ನು ಎರಡೂ ಕೈಯಿಂದ ಅಪ್ಪಿ ನಿಂತರು. ಭಾವೂರ ತಲೆ ನನ್ನ ತೊಡೆಯ ಮೇಲೆ. ಮೇಡಂ ದಾರಿಯುದ್ದಕ್ಕೂ ಸಣ್ಣ ಧಾರೆ ಬಿಡುತ್ತಲೇ ಇದ್ದರು. ಗಾಡಿ ಕುಣಿದಾಗೆಲ್ಲ ನಾವೆಲ್ಲ ತೊಯ್ದೆವು. ಪೆಟ್ಟಿಗೆಗಳೂ ತೊಯ್ದು ಸಾಬೂನಿನ ನೊರೆ ಎದ್ದಿತು. "ಇಷ್ಟು ವರ್ಷ ಸಾಬೂನು ಮಾಡಿ ಇವತ್ತ ಮೈ ತೊಳಕೊಂಡಂಗಾತು," ಎಂದು ಭಾವೂ ಅಂದರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಮೊದಲು ಗದರಿದರು. ಕ್ಷಾರ ಬಿದ್ದ ಎಷ್ಟೋ ಹೊತ್ತಿಗೆ ತಂದಿದ್ದೀರಿ ಎಂದರು. ಮೇಡಂ ಮಾಡಿದ್ದನ್ನು ಕ್ರಮವಾಗಿ ಹೇಳಿದರು. ಚೂರು ಸಿಕ್ಕಿದ್ದು, ಕಾಗದ ಎರಡು ಸಲ ಕೆಂಪುಳಿದದ್ದು. ಡಾಕ್ಟರು ತಮ್ಮದೇ ಕಾಗದ ಮುಟ್ಟಿಸಿ ನೋಡಿದರು, ರೆಪ್ಪೆ ಮಗುಚಿ ನೋಡಿದರು, ಆಮೇಲೆ ಗದರಲಿಲ್ಲ. ಕಣ್ಣಿನ ಮೇಲ್ಪೊರೆ ಮಂಜಾಗಿದೆ, ಎಷ್ಟು ತಿಳಿಯಾಗುತ್ತದೆಂದು ಈಗಲೇ ಹೇಳಲಾಗದು ಎಂದರು. ಔಷಧಿಯ ಹನಿ ಬಿಟ್ಟು ಮುಲಾಮು ತುಂಬಿ ಪಟ್ಟಿ ಕಟ್ಟಿದರು. ಭಾವೂಗೆ ಕತ್ತಲಾಯಿತು.

ಆ ಕತ್ತಲೆಯ ದಿನಗಳಲ್ಲಿ ಕಾಕಾ ಕಾಮಠಿಯಿಂದ ಬಸ್ಸು ಹಿಡಿದು ಬೆಳಿಗ್ಗೆ ಮೊದಲು ಆಸ್ಪತ್ರೆಗೆ, ಆಮೇಲೆ ಕೆಲಸಕ್ಕೆ ಬರುತ್ತಿದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ. ಒಮ್ಮೆ ನನ್ನೆದುರಿಗೇ ಮೇಡಂಗೆ ಕೈ ಮುಗಿದು, ಜೀಪು ತಡೆಯದೆ ತಪ್ಪು ಮಾಡಿದೆ ಎಂದರು. ಮೇಡಂ ಸ್ವಲ್ಪ ಯೋಚಿಸಿ ಉತ್ತರ ಕೊಟ್ಟರು.

"ಜೀಪ್ ಆವಾಗ ಬಂದಿದ್ರ ನೀವೆಲ್ಲಾ ಭಾವೂರನ್ನ ಅದರಾಗ ತುರುಕತಿದ್ರಿ. ನಾನೂ ಹತ್ತಿಬಿಡತಿದ್ನೇನೋ. ಆ ಚೂರು ದಾರಿಯುದ್ದಕ್ಕೂ ಒಳಗ ಕುಂತಿರತಿತ್ತು. ಅದಕ್ಕ ಯಾರದು ತಪ್ಪು ಅಂತ ಹೇಳಾಕ ನನಗ ಬರೂದಿಲ್ಲ."

ಬರೀ ಸಮಾಧಾನಕ್ಕೆ ಸುಳ್ಳು ಹೇಳುವ ಜಾತಿಯಲ್ಲ ಅವರದು. ಅದು ಗೊತ್ತಿದ್ದ ಕಾರಣಕ್ಕೇ ಕಾಕಾ ಆ ದಿನ ಸ್ವಲ್ಪ ಊಟ ಮಾಡಿದರು. ಆಮೇಲೆ ನನಗೆ ತಾಕೀತು ಮಾಡಿದರು. "ಯವ್ವಾ, ನನ್ನ ಕೂಡ ಕನ್ನಡಾನ ಮಾತಾಡು. ಆದ್ರ ಬಾಟ್ಲಿ ಹೆಸರು ಹೇಳೂದಿದ್ರ ಬಾಟ್ಲಿ ಮ್ಯಾಲಿಂದು ಓದಿ ಹೇಳು." ಅಂದಿನಿಂದ ಲ್ಯಾಬಿನಲ್ಲಿ ಯಾರೂ ಖಾರ್ ಅನ್ನಲಿಲ್ಲ.

ಪಟ್ಟಿಯನ್ನು ಡಾಕ್ಟರು ದಿನವೂ ಬಿಚ್ಚಿ ಔಷಧಿ ಹಾಕುತ್ತಿದ್ದರೂ ಏನು ಕಾಣುತ್ತದೆಂದು ಕೇಳುತ್ತಿರಲಿಲ್ಲ. ಕೇಳುವ ದಿನ ಕೊನೆಗೂ ಬಂತು. ನಾವೆಲ್ಲ ಹೋಗಿದ್ದೆವು. ಭಾವೂರ ಹೆಂಡತಿ ಮಂಚದ ಕಬ್ಬಿಣ ಹಿಡಿದು ನಿಂತಿದ್ದರು, ಅವರ ಪಕ್ಕದಲ್ಲಿ ಕಾಕಾ, ನಾನು. ಮೇಡಂ ಒಳಗೆ ಬರಲಿಲ್ಲ, ನಮ್ಮ ಹಿಂದೆ ಬಾಗಿಲ ಹತ್ತಿರವೇ ಉಳಿದರು. ಡಾಕ್ಟರು ಹತ್ತಿ ತೆಗೆದು, ಒರೆಸಿ, ನಿಧಾನವಾಗಿ ಕಣ್ಣು ತೆರೆಯಲು ಹೇಳಿದರು. ರೆಪ್ಪೆ ಬಾತಿತ್ತು, ಕಣ್ಣು ಕೆಂಪಗಿತ್ತು. ಭಾವೂ ಎಷ್ಟೋ ಹೊತ್ತು ಕಣ್ಣು ಪಿಳಿಪಿಳಿ ಮಾಡಿದರು. ಅವರ ಹೆಂಡತಿಯ ತುಟಿ ಬಿಳುಪೇರಿತು.

"ಬೆಳಕು ಕಾಣುತ್ತಿದೆಯೇ?" ಎಂದು ಡಾಕ್ಟರು ಕೇಳಿದರು.

ಭಾವೂರ ನೋಟ ಡಾಕ್ಟರನ್ನು ದಾಟಿ, ಹೆಂಡತಿಯನ್ನು ದಾಟಿ, ಕಾಕಾ ಮತ್ತು ನನ್ನ ನಡುವಿನ ಸಂದಿನಿಂದ ಹಿಂದಕ್ಕೆ ಹೋಗಿ ಅಲ್ಲೇ ನಿಂತಿತು. ಅವರ ಹುಬ್ಬು ಗಂಟಿಕ್ಕಿತು.

"ಮೇಡಂ ಯಾಕ ಅಳಾಕತ್ತಾರ?" ಎಂದು ಕೇಳಿದರು.

ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ತಿರುಗಿ ನೋಡಿದೆವು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಮೇಡಂ ಸೆರಗಿಗಾಗಿ ತಡಕಾಡುತ್ತಿದ್ದರು.